ಓದುಗರ ಗಮನಕ್ಕೆ

“ಆ ಕುರ್ಚಿ ಮುಂದೆ ಬೇಡ, ಮೂಲೆಗೆ ಹಾಕಿ. ಅದರ ಕಾಲು ಅಲ್ಲಾಡ್ತದೆ. ಗಟ್ಟಿ ಇರೋವನ್ನ ಮುಂದಕ್ಕೆ ತನ್ನಿ. ಮುಂದೆ ಕೂರೋರು ವಯಸ್ಸಾದೋರು, ಅವರ ಜೊತೆ ಕುರ್ಚೀನೂ ಕೂತ್ಬಿಟ್ರೆ ಇವತ್ತು ಇನ್ನೊಂದು ಗಾಡಿ ಕರೀಬೇಕಾಗ್ತದೆ.”

ಮೈಕಮ್ಮ ನಿಂತಿದ್ದುದು ಒಳಕೋಣೆಯ ಕಿಟಕಿಯ ಪರದೆಯ ಹಿಂದೆ. ಹೇಳಿದ್ದು ಅಂಗಳದಲ್ಲಿದ್ದ ಕುರ್ಚಿ ಬಾಡಿಗೆಯವನಿಗೆ. ಕೇಳಿಸಿದ್ದು ಬೀದಿಯ ತಿರುವಿನ ತನಕ.

ಬೀದಿಯವರೇನೂ ತಿರುಗಿ ನೋಡಲಿಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತು “ಪ್ರಯಾಣಿಕರ ಗಮನಕ್ಕೆ” ಎನ್ನುತ್ತಲೇ ಇಡೀ ನೌಕರಿ ಕಳೆದವಳು ಅವಳು. ಅವಳು ಹೊರಡುತ್ತದೆ ಎಂದ ಮೇಲೆ ಬಸ್ಸು ಹೊರಡಲೇಬೇಕಿತ್ತು. ಕೊನೆಗೊಂದು ದಿನ ಕಂಪ್ಯೂಟರಿನ ದನಿಯನ್ನು ತಂದು ಕೂರಿಸಿ, ನಿಲ್ದಾಣದವರು ಅವಳನ್ನೇ ಹೊರಡಿಸಿದರು. ಮೈಕು ಹೋಯಿತು, ಮೈಕಮ್ಮ ಉಳಿದಳು. ಆ ಕಂಪ್ಯೂಟರನ್ನು ಅವಳು ಮೂಗಿನ ತುಂಬ ನೆಗಡಿ ತುಂಬಿಕೊಂಡು “ಪ್ರ. ಯಾ. ಣಿ. ಕರ. ಗಮ. ನಕ್ಕೆ” ಎಂದು ಅಣಕಿಸಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ತಂಗಿ. ಆ ತಂಗಿ ಈಗ ನಡುಮನೆಯಲ್ಲಿ, ತಣ್ಣಗಿನ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು.

ಗೇಟಿನ ಹತ್ತಿರ ಯಾರೋ ಮೂವರು ನಿಂತುಬಿಟ್ಟಿದ್ದನ್ನು ಮೈಕಮ್ಮ ಪರದೆಯ ಸಂದಿಯಿಂದ ನೋಡಿದಳು. ಹೂವಿನ ಕುಂಡ ಹಿಡಿದ, ನರೆಗೂದಲಿನ ದಪ್ಪ ಹೆಂಗಸು. ಮೊಣಕೈ ತನಕ ಗ್ರೀಸಿನ ಕಲೆಯಿದ್ದ ದೊಡ್ಡ ಆಳು. ಕಡ್ಡಿಯಂಥ ಒಬ್ಬ ಹುಡುಗಿ. ದೊಡ್ಡ ಆಳು ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಒಳಗೆ ಬರಲಿಲ್ಲ. ಕಿಟಕಿಯ ಕಡೆಗೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಕಣ್ಣಿಂದ ನೀರು ಇಳಿಯಿತು.

‘ಒಡಹುಟ್ಟಿದವಳು ನಾನಿಲ್ಲಿ ಕುರ್ಚಿ ಎಣಿಸ್ತಿದ್ದೀನಿ, ಅಳೋ ಗುತ್ತಿಗೆ ಈತನಿಗೆ ಯಾರು ಕೊಟ್ಟರು’ ಎಂದುಕೊಂಡಳು ಮೈಕಮ್ಮ.

ಅಷ್ಟರಲ್ಲಿ ತಂಗಿಯ ಮಗಳು ಒಳಗೆ ಬಂದಳು. ಬೇರೆ ಊರಿನ ಕೆಲಸದಲ್ಲಿದ್ದವಳು, ಬೆಳಿಗ್ಗೆಯಷ್ಟೇ ಬಂದು ಇಳಿದಿದ್ದಳು.

“ದೊಡ್ಡಮ್ಮ, ಅಮ್ಮನ ಬುಕ್ ಗ್ರೂಪಿನೋರು ಬಂದಿದ್ದಾರೆ.”

“ಅವರಿಗೆ ಯಾರು ಹೇಳಿದ್ದು?”

“ನಾನೇ. ಅಮ್ಮನ ಫೋನಲ್ಲಿರೋ ಎಲ್ಲ ಗ್ರೂಪಿಗೂ ವಿಳಾಸ ಹಾಕ್ಬಿಟ್ಟೆ. ಇನ್ನೊಂದು ವಿಷಯ ದೊಡ್ಡಮ್ಮ. ಗಾಡಿ ಬರೋ ಮುಂಚೆ ಅಮ್ಮನ ಬಗ್ಗೆ ಅವರೂ ಎರಡು ಮಾತಾಡ್ಬೇಕಂತೆ.”

ಮೈಕಮ್ಮ ಪರದೆ ಬಿಟ್ಟು ತಿರುಗಿದಳು. ಗಾಡಿ ಬರುವ ಮುಂಚೆ ಒಬ್ಬರು ಎದ್ದು ನಿಂತು ನಾಲ್ಕು ಮಾತಾಡಬೇಕು ಎಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಆ ಒಬ್ಬರು ಯಾರು ಎಂದು ಯಾರೂ ಕೇಳಿರಲಿಲ್ಲ, ಅದು ಕೇಳುವ ಮಾತೂ ಆಗಿರಲಿಲ್ಲ. ತಂಗಿ ಬದುಕಿದ್ದಷ್ಟು ದಿನವೂ ಅವಳ ಪರವಾಗಿ ಮಾತಾಡಿದವಳು ಅಕ್ಕ. ಇವತ್ತೊಂದು ದಿನ ಬಿಟ್ಟುಕೊಡುತ್ತಾಳೆಯೇ.

“ಯಾರು, ಆ ಪುಟಗೋಸಿಗಳಾ?” ಎಂದಳು.

“ದೊಡ್ಡಮ್ಮ, ಗುಂಪಿನ ಹೆಸರು ‘ಪುಟ ಪುಟ’.”

“ಎರಡು ಪುಟ ಸೇರಿದ್ರೆ ಒಂದು ಗೋಸಿ ಆಗ್ತದೆ. ಹೇಳು ಅವರಿಗೆ, ಮಾತಾಡೋರು ಮನೇಲಿ ಇದ್ದಾರೆ ಅಂತ.”

*

ತಂಗಿ ಉಗ್ಗುತ್ತಿದ್ದಳು. ಸ್ವಲ್ಪಸ್ವಲ್ಪವಲ್ಲ. ಒಂದು ಅಕ್ಷರದ ಬಾಗಿಲಲ್ಲಿ ನಿಂತಳೆಂದರೆ ಒಳಗಿನವರು ಬಾಗಿಲು ತೆಗೆಯುವ ತನಕ ತಟ್ಟುತ್ತಲೇ ಇರಬೇಕು. ಅಷ್ಟು ಹೊತ್ತು ನಿಂತು ನೋಡುವ ತಾಳ್ಮೆ ಮೈಕಮ್ಮನಿಗೆ ಹುಟ್ಟಿನಿಂದಲೇ ಇರಲಿಲ್ಲ. ತಂಗಿ ಮೊದಲ ಅಕ್ಷರ ಹಿಡಿದರೆ ಉಳಿದದ್ದನ್ನು ಅಕ್ಕ ಹೇಳಿ ಮುಗಿಸುತ್ತಿದ್ದಳು. ಅಂಗಡಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ. ಮದುವೆಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗ ತಂಗಿ “ಹ... ಹ...” ಎನ್ನುತ್ತಿರುವಾಗಲೇ “ಹ್ಞೂಂ ಅಂತೆ” ಎಂದು ಸಂಬಂಧ ಕುದುರಿಸಿದವಳೂ ಅಕ್ಕನೇ. ಅದೃಷ್ಟಕ್ಕೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಗಂಡು ಒಳ್ಳೆಯವನಾಗಿದ್ದ. ಅವನೂ ಮಾತು ಕಡಿಮೆ. ಅವರಿಬ್ಬರದು ಮೂಕಿ ಚಿತ್ರದ ಸಂಸಾರ ಎಂದು ಮೈಕಮ್ಮ ಊರೆಲ್ಲ ನಗಿಸಿದ್ದಳು.

ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅಲ್ಲಿ ಬೇರೆಯವರು ದಿನವಿಡೀ “ಇದು ಚೆನ್ನಾಗಿ ಕಾಣ್ತದಾ, ಮೊದಲಿಂದು ಚೆನ್ನಾಗಿತ್ತಾ” ಎಂದು ಬಾಯಿ ನೋಯಿಸಿಕೊಂಡರೆ, ಇವಳು ಒಂದು ಗಾಜು ತೆಗೆದು ಇನ್ನೊಂದು ಇಟ್ಟು ಹುಬ್ಬೇರಿಸುತ್ತಿದ್ದಳು, ಅಷ್ಟೇ. ಸಂಜೆ ಅಂಗಡಿ ಮುಗಿಸಿ ಸೀದಾ ಪಕ್ಕದ ಬೀದಿಯ ಅಕ್ಕನ ಮನೆಗೆ. ಅಕ್ಕ ಮಾತಾಡುವಳು, ತಂಗಿ ಕೇಳುವಳು. ಮೈಕಮ್ಮನ ಗಂಡ ತೀರಿಕೊಂಡ ಮೇಲೆ, ನಿಲ್ದಾಣದ ಕೆಲಸವೂ ಹೋದ ಮೇಲೆ, ಅವಳ ದನಿಗೆ ಉಳಿದಿದ್ದ ಪ್ರಯಾಣಿಕಳು ಇವಳೊಬ್ಬಳೇ.

ಆಮೇಲೆ ಆ ಗುಂಪು ಬಂತು.

ಅಂಗಡಿಗೆ ಕನ್ನಡಕ ಬದಲಿಸಲು ಬಂದ ಒಬ್ಬ ಹೆಂಗಸು ಅದರ ವಿಷಯ ಹೇಳಿದಳಂತೆ. ಫೋನಿನಲ್ಲೇ ಗುಂಪು, ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ, ಸ್ವಂತ ಹೆಸರೂ ಹಾಕುವಂತಿಲ್ಲ. ತಿಂಗಳಿಗೊಂದು ಪಂದ್ಯ. ಒಂದು ತಿಂಗಳು ಹೆಸರಿನಲ್ಲಿ ಬಣ್ಣ ಇರುವ ಪುಸ್ತಕ ಓದಬೇಕು. ಇನ್ನೊಂದು ತಿಂಗಳು ಅಡುಗೆಮನೆಯಲ್ಲಿ ಶುರುವಾಗುವ ಪುಸ್ತಕ. ಮತ್ತೊಂದು ತಿಂಗಳು ನಾಯಕನಿಗಿಂತ ನಾಯಿ ಮುಖ್ಯವಾಗಿರುವ ಪುಸ್ತಕ. ಮೈಕಮ್ಮನ ಸೋಫಾದ ಮೇಲೆ ಕೂತು ತಂಗಿ ಓದತೊಡಗಿದಳು. ಅಕ್ಕ ಮಾತಾಡುತ್ತಿದ್ದರೆ ಪುಟದ ಮಧ್ಯೆ ಬೆರಳಿಟ್ಟು ತಲೆಯೆತ್ತುವಳು. ಆ ಬೆರಳನ್ನು ಕಂಡರೆ ಮೈಕಮ್ಮನಿಗೆ ಮೈ ಉರಿಯುತ್ತಿತ್ತು. ಮುಖ ಇಲ್ಲಿ, ಬೆರಳು ಅಲ್ಲಿ. ಸ್ವಲ್ಪ ದಿನಕ್ಕೆ ಕಿವಿಗೆ ಇಯರ್‌ಫೋನೂ ಬಂತು.

“ಯಾರದು, ಕಿವಿಯೊಳಗೆ?”

“ಗು... ಗು...”

“ಗುಂಪು, ಗೊತ್ತಾಯ್ತು.”

ಮೈಕಮ್ಮ ಹಠಕ್ಕೆ ಬಿದ್ದಳು. ತಾನೂ ಒಂದು ಪುಸ್ತಕ ತಂದಳು. ಹೆಸರಿನಲ್ಲಿ ಕೆಂಪು ಇತ್ತು. ಪ್ರತಿ ಪುಟಕ್ಕೂ ಆಕಳಿಸಿದಳು, ಆದರೂ ಬಿಡದೆ ಓದಿ ಮುಗಿಸಿದಳು. ಮುಗಿಸಿದ ಸಂಜೆ ತಂಗಿಯ ಮುಂದೆ ಅದನ್ನು ದೊಪ್ಪನೆ ಇಟ್ಟು, “ನನ್ನನ್ನೂ ಸೇರಿಸು ನಿನ್ನ ಗುಂಪಿಗೆ” ಎಂದಳು.

ತಂಗಿಯ ಮುಖ ಬಿಳಿಚಿಕೊಂಡಿತು. “ಬೇ... ಬೇ...”

“ಬೇಗಾನಾ? ಅಂಥ ಆತುರ ಏನಿಲ್ಲ, ನಾಳೆ ಸೇರಿಸು.”

ತಂಗಿ ಅಡ್ಡಡ್ಡ ತಲೆಯಾಡಿಸಿದಳು. ಕಣ್ಣು ಮುಚ್ಚಿ, ಗದ್ದವನ್ನು ಎಡಕ್ಕೆಳೆದುಕೊಂಡು, ಕೊನೆಗೂ ಹೊರಗೆ ಹಾಕಿದಳು. “ಬೇಡ.”

ಇಡೀ ಆಯುಷ್ಯದಲ್ಲಿ ತಂಗಿ ಅಕ್ಕನಿಗೆ ಹೇಳಿದ ಬೇಡ ಅದೊಂದೇ. ಯಾಕೆ ಎಂದು ಮೈಕಮ್ಮ ಕೇಳಲಿಲ್ಲ. ತಂಗಿಯೂ ಹೇಳಲಿಲ್ಲ. ಮರುದಿನದಿಂದ ಮೈಕಮ್ಮ ಆ ಗುಂಪಿಗೆ ಪುಟಗೋಸಿ ಎಂದು ಹೆಸರಿಟ್ಟಳು.

*

ನಡುಮನೆಗೆ ಬಂದಾಗ ಆ ಮೂವರೂ ಪೆಟ್ಟಿಗೆಯ ಪಕ್ಕದಲ್ಲಿದ್ದರು. ಗೋಡೆಗೊರಗಿ ನಿಂತಿದ್ದ ತಂಗಿಯ ಗಂಡನ ಕೈಯನ್ನು ಕುಂಡದ ಹೆಂಗಸು ಹಿಡಿದುಕೊಂಡಿದ್ದಳು. ಆಕೆ ಸಸಿಗಳ ನರ್ಸರಿ ನಡೆಸುವವಳು, ಗುಂಪು ಕಟ್ಟಿದವಳು. ಉಳಿದವರು ಅವಳನ್ನು ಅಡ್ಮಿನಮ್ಮ ಎನ್ನುತ್ತಿದ್ದರು. ದೊಡ್ಡ ಆಳು ಲಿಫ್ಟ್ ರಿಪೇರಿಯವನು, ಗುಂಪಿನಲ್ಲಿ ಅವನ ಹೆಸರು ಗೆದ್ದಲು. ಕಡ್ಡಿಯಂಥವಳು ಔಷಧದಂಗಡಿಯ ಹುಡುಗಿ. ಯಾವ ಪುಸ್ತಕವಾದರೂ ಕೊನೆಯಿಂದ ಓದುತ್ತಾಳೆಂದು ಅವಳಿಗೆ ಕೊನೆಪುಟ ಎಂದು ಹೆಸರು.

“ಏನು ಮಾತು ಅಂತೀರಿ ಅವರದು,” ಎಂದು ಅಡ್ಮಿನಮ್ಮ ಮೇಲ್ಮನೆ ಅಜ್ಜಿಗೆ ಹೇಳುತ್ತಿದ್ದಳು. “ಗಂಟೆ ಹೊಡೆದ ಹಾಗೆ. ಅದಕ್ಕೇ ನಾವೆಲ್ಲ ಅವರನ್ನ ಮಾತುಗಾತಿ ಅಂತಿದ್ವಿ.”

“ಮಾಟಗಾತಿನಾ?” ಎಂದರು ಅಜ್ಜಿ. ಅವರಿಗೆ ಒಂದು ಕಿವಿ ಮಂದ.

“ಮಾತುಗಾತಿ, ಮಾತು.”

“ಯಾರು, ಇವಳಾ?” ಅಜ್ಜಿ ಪೆಟ್ಟಿಗೆಯನ್ನೊಮ್ಮೆ, ಅಡ್ಮಿನಮ್ಮನನ್ನೊಮ್ಮೆ ನೋಡಿದರು. “ಈ ಪುಣ್ಯಾತ್ಗಿತ್ತಿ ನನಗೆ ಕನ್ನಡಕ ಮಾಡ್ಕೊಟ್ಟಾಗ್ಲೂ ಒಂದು ಮಾತಾಡ್ಲಿಲ್ವಲ್ಲಮ್ಮ.”

ಮೈಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿಗೆ ಮಾತು ಬಂದಿತ್ತು, ಆದರೆ ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಹಲ್ಲು ಕಚ್ಚಿ ಹಿಡಿದಿದ್ದಳು. ಗೆದ್ದಲು ಅವಳನ್ನು ಕಂಡವನೇ ಎದ್ದು ಬಂದ. ಅಷ್ಟು ದೊಡ್ಡ ದೇಹವನ್ನು ಆದಷ್ಟು ಚಿಕ್ಕದು ಮಾಡಿಕೊಂಡು, ಮೆಲ್ಲಗೆ ಹೇಳಿದ.

“ನೀವು ತಂಗಿ ಇರ್ಬೇಕು. ಮುಖ ಅದೇ ಇದೆ. ನಿಮ್ಮ ವಿಷಯ ತುಂಬ ಹೇಳ್ತಿದ್ರು ಅವರು. ನೀವು ಮಾತು ಕಡಿಮೆ ಅಂತ. ನೀವೇನೂ ಹೇಳ್ಬೇಡಿ ತಾಯಿ, ಪರವಾಗಿಲ್ಲ.”

ಮೈಕಮ್ಮನಿಗೆ ಮಾತು ಕಡಿಮೆ ಎಂದು ಹೇಳಿದ ಮೊದಲ ಮನುಷ್ಯ ಅವನು. ಅವಳು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು. ಅದನ್ನು ಅವನು ದುಃಖವೆಂದುಕೊಂಡ.

“ಒಂದು ಕೇಳ್ಲಾ? ನಾವು ಗೇಟಿನ ಹತ್ರ ಬಂದಾಗ ಒಳಗೆ ಅವರ ರೆಕಾರ್ಡಿಂಗ್ ಹಾಕಿದ್ರಲ್ಲ, ಕುರ್ಚೀದು. ನಮ್ಮ ಗುಂಪಲ್ಲಿ ಅದು ಬಂದಿಲ್ಲ. ಯಾವ ಪುಸ್ತಕ ಅದು?”

“ಯಾವ ಪುಸ್ತಕಾನೂ ಅಲ್ಲ,” ಎಂದಳು ಮೈಕಮ್ಮ. “ಕುರ್ಚಿ ವಿಷಯ ಹೇಳಿದ್ದು ನಾನು.”

ಗೆದ್ದಲು ಒಂದು ಹೆಜ್ಜೆ ಹಿಂದೆ ಸರಿದ. ಅಡ್ಮಿನಮ್ಮ ಮೂಲೆಯ ಕುರ್ಚಿಯ ಮೇಲೆ ಕೂತುಬಿಟ್ಟಳು. ಅದು ಪಕ್ಕಕ್ಕೆ ವಾಲಿ, ಬೀಳದೆ, ಅವಳನ್ನು ಹೇಗೋ ತಡೆದುಕೊಂಡಿತು. ಕೊನೆಪುಟ ಪೆಟ್ಟಿಗೆಯನ್ನೂ ಮೈಕಮ್ಮನನ್ನೂ ಸರದಿಯ ಮೇಲೆ ನೋಡತೊಡಗಿದಳು. ಕಣ್ಣಿನ ಪರೀಕ್ಷೆಯಲ್ಲಿ ಗಾಜು ಬದಲಿಸಿದ ಹಾಗೆ, ಇದೋ ಅದೋ ಎಂದು.

“ಇನ್ನೊಂದ್ಸಲ ಮಾತಾಡಿ,” ಎಂದಳು ಕೊನೆಪುಟ.

“ಮಾತಾಡೋಕೆ ನಾನೇನು ಕೇಳಿದ್ದಕ್ಕೆ ಹಾಡೋ ರೇಡಿಯೋನಾ? ನೋಡಿ, ನೀವು ಒಳ್ಳೆಯವರೇ ಇರ್ಬಹುದು. ಆದರೆ ಬಂದಿರೋ ಮನೆ ತಪ್ಪು. ಅಕ್ಕ ನಾನು, ಅಲ್ಲಿ ಮಲಗಿರೋಳು ನನ್ನ ತಂಗಿ. ಅವಳಿಗೆ ಉಗ್ಗು. ಒಂದು ವಾಕ್ಯ ಮುಗಿಸೋಷ್ಟರಲ್ಲಿ ಕೈಲಿರೋ ಕಾಫಿ ಆರ್ತಿತ್ತು. ನಿಮ್ಮ ಮಾತುಗಾತಿ ಬೇರೆ ಯಾರೋ.”

ಗೆದ್ದಲಿನ ಕಣ್ಣಲ್ಲಿ ಮತ್ತೆ ನೀರು. “ನೀವು ಬೇರೆ ಯಾರೋ ಅಂತಿರೋದೂ ಅವರ ದನೀಲೇ ಅಮ್ಮ,” ಎಂದ.

ಅಡ್ಮಿನಮ್ಮ ತನ್ನ ಫೋನು ತೆಗೆದಳು. ಆ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಓದಿದ ಪುಸ್ತಕದ ಬಗ್ಗೆ ಯಾರೂ ಬರೆದು ಹಾಕುವಂತಿಲ್ಲ, ಎಲ್ಲಿಂದಲೋ ಕದ್ದು ತಂದು ಅಂಟಿಸುತ್ತಾರೆ; ಬಾಯಲ್ಲೇ ಹೇಳಿ ಕಳಿಸಬೇಕು, ಆಗಲೇ ಪಂದ್ಯ ಮುಗಿಸಿದ ಲೆಕ್ಕ. ಅಡ್ಮಿನಮ್ಮ ಬೆರಳಾಡಿಸಿ ಒಂದನ್ನು ಹುಡುಕಿ ಒತ್ತಿದಳು.

“ಓದುಗರ ಗಮನಕ್ಕೆ,” ಎಂದಿತು ಫೋನು.

ನಡುಮನೆಯಲ್ಲಿದ್ದವರೆಲ್ಲ ಮೈಕಮ್ಮನ ಬಾಯಿ ನೋಡಿದರು. ಬಾಯಿ ಮುಚ್ಚಿತ್ತು.

“ಈ ತಿಂಗಳ ಪಂದ್ಯ, ಒಬ್ಬರೂ ಸಾಯದ ಪುಸ್ತಕ. ಗ್ರಂಥಾಲಯದ ಎಲ್ಲ ಕಪಾಟೂ ಹುಡುಕಿದ್ದಾಯ್ತು. ಪತ್ತೇದಾರಿ ಕಪಾಟಿನ ಕಡೆ ಹೋಗೋ ಹಾಗೇ ಇಲ್ಲ, ಮೊದಲನೇ ಪುಟದಲ್ಲೇ ಹೆಣ. ಪ್ರೇಮದ ಕಪಾಟಲ್ಲಿ ಕೊನೇ ಪುಟದಲ್ಲಿ ಹೆಣ. ಕೊನೆಗೂ ಒಂದು ಸಿಕ್ತು. ಅದರಲ್ಲಿ ಯಾರೂ ಸಾಯಲ್ಲ. ಓದೋರು ಸಾಯ್ತಾರೆ, ಅಷ್ಟು ಬೇಜಾರು.”

ಆಮೇಲೆ ಆ ದನಿ ನಕ್ಕಿತು. ತುಂಬಿದ ಕೊಡ ತುಳುಕಿದಂಥ ನಗು. ಮೇಲ್ಮನೆ ಅಜ್ಜಿ ಜಾಗ ಮರೆತು ತಾವೂ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನನ್ನ ತಂಗಿಗೂ ಓದೋಕೆ ಕೊಟ್ಟೆ,” ಎಂದಿತು ದನಿ. “ಅವಳು ಮಾತು ಕಡಿಮೆ. ಓದಿ ಮುಗಿಸಿ, ಪುಸ್ತಕದ ಮೇಲೆ ಕೈ ಇಟ್ಕೊಂಡು ಕೂತಳು. ನಾನು ಸುಮ್ನೆ ಎದುರಿಗೆ ಕೂತಿದ್ದೆ. ಏನು ಹೇಳ್ತಾಳೋ ಅಂತ ಕಾಯೋದೇ ಒಂದು ಸುಖ ನೋಡಿ.”

ಮೈಕಮ್ಮ ಕೈ ಚಾಚಿ ಆ ಫೋನನ್ನು ಮಗುಚಿ ಹಾಕಿದಳು. ದನಿ ನಿಂತಿತೋ ಇಲ್ಲವೋ ನೋಡದೆ ಅಡುಗೆಮನೆಗೆ ನಡೆದಳು.

*

ಸ್ವಲ್ಪ ಹೊತ್ತಿನ ಮೇಲೆ ತಂಗಿಯ ಗಂಡ ಒಳಗೆ ಬಂದ. ಮೈಕಮ್ಮ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

“ನಿಮಗೆ ಗೊತ್ತಿತ್ತು,” ಎಂದಳು ತಿರುಗದೆ.

“ಗೊತ್ತಿತ್ತು ಅಕ್ಕ.”

“ಕಳ್ಳರು. ಗಂಡ ಹೆಂಡತಿ ಇಬ್ರೂ.”

ಅವನು ಅದನ್ನು ಒಪ್ಪಿಕೊಂಡವನ ಹಾಗೆ ತಲೆಯಾಡಿಸಿದ. “ಬಟ್ಟೆ ಬೀರು ಒಳಗೆ ತಲೆ ಹಾಕಿ ರೆಕಾರ್ಡ್ ಮಾಡೋಳು, ಬೀದಿ ಸದ್ದು ಬರಬಾರದು ಅಂತ. ಫ್ಯಾನ್ ಆರಿಸಿ ನಾನು ಹೊರಗೆ ಬೆವರ್ತಾ ಕೂರೋನು. ಮೊದಲನೇ ಸಲ ಕೇಳ್ದಾಗ, ನೀವು ಯಾವಾಗ ಬಂದು ಬೀರು ಒಳಗೆ ಸೇರ್ಕೊಂಡ್ರಿ ಅಂತ ನಾನೇ ಗಾಬರಿ ಆದೆ.”

“ನಗಿಸ್ಬೇಡಿ ನನ್ನ.”

“ನಿಮ್ಮ ಹಾಗೆ ಮಾತಾಡಿದ್ರೆ ಅವಳಿಗೆ ಉಗ್ಗು ಬರ್ತಿರ್ಲಿಲ್ಲ. ಬೇರೆ ಯಾರ ಹಾಗೆ ಮಾತಾಡಿದ್ರೂ ಬರ್ತಿತ್ತು. ನಿಮ್ಮದೊಂದೇ ಅವಳಿಗೆ ಆಗಿಬರ್ತಿದ್ದದ್ದು.”

“ಹಾಗಾದ್ರೆ ನನಗೆ ಹೇಳಬಹುದಿತ್ತಲ್ಲ.”

“ಹೆದರಿಕೆ. ನೀವು ಕಿತ್ಕೋತೀರಿ ಅಂತ.”

ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಮೈಕಮ್ಮ ಅದನ್ನು ನಿಲ್ಲಿಸಿದಳು.

ಅದು ಬರೀ ಹೆದರಿಕೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಲಂಗ ತೊಟ್ಟು ಓಡಾಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಬಾಗಿಲ ಹಿಂದಿನಿಂದ ಮೈಕಮ್ಮನ ದನಿ ಬಂತು, ಅವಳು ದಿನಾ ಅಮ್ಮನಿಗೆ ಚಾಡಿ ಹೇಳುವ ಅದೇ ಧಾಟಿಯಲ್ಲಿ. ಆದರೆ ಮೈಕಮ್ಮ ಕಿಟಕಿಯ ಮೇಲೆ ಕೂತಿದ್ದಳು. ಬಾಗಿಲ ಹಿಂದಿನಿಂದ ಬಂದವಳು ತಂಗಿ. ಒಂದಕ್ಷರವೂ ಎಡವಿರಲಿಲ್ಲ. ಅಮ್ಮ ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿಕೊಂಡು ಕುಣಿದಳು, ಅಪ್ಪನನ್ನು ಕರೆದು ಕೇಳಿಸಿದಳು, “ದೊಡ್ಡೋಳಿಗಿಂತ ಇವಳ ಬಾಯಲ್ಲೇ ಚೆನ್ನಾಗಿದೆ” ಎಂದಳು. ಮೈಕಮ್ಮ ಅವತ್ತು ಊಟ ಬಿಟ್ಟಳು. ಮರುದಿನವೂ ಬಿಟ್ಟಳು. ಯಾಕೆ ಎಂದು ಅಮ್ಮನಿಗೆ ತಿಳಿಯಲಿಲ್ಲ, ತಂಗಿಗೆ ತಿಳಿಯಿತು. ತಟ್ಟೆ ಹಿಡಿದು ಬಂದು ಎದುರಿಗೆ ಕೂತು, “ಊ... ಊ... ಊ...” ಎಂದಳು, ತನ್ನದೇ ದನಿಯಲ್ಲಿ. ಆಮೇಲೆ ಮೈಕಮ್ಮ ಊಟ ಮಾಡಿದಳು. ತಂಗಿಯ ಬಾಯಿಂದ ಅಕ್ಕನ ದನಿ ಮತ್ತೆಂದೂ ಆ ಮನೆಯಲ್ಲಿ ಕೇಳಲಿಲ್ಲ.

“ನಿಮ್ಮ ಹತ್ರ?” ಎಂದಳು ಮೈಕಮ್ಮ. “ನಿಮ್ಮ ಜೊತೆ ಯಾವ ದನೀಲಿ ಮಾತಾಡೋಳು?”

“ಅವಳದ್ದೇ. ನಿಧಾನದ್ದು.” ಅವನು ಒಂದು ಲೋಟ ಎತ್ತಿಕೊಂಡು ಒರೆಸತೊಡಗಿದ. “ನನಗೇನು ಅವಸರ ಅಕ್ಕ? ಹೊಲಿಗೆ ಯಂತ್ರದೋನು ನಾನು. ದಾರ ಸಿಕ್ಕಾಕ್ಕೊಂಡ್ರೆ ಎಳೀಬಾರದು, ಅದೊಂದು ಗೊತ್ತು.”

ಮೈಕಮ್ಮನಿಗೆ ಒಂದು ಹೊಟ್ಟೆಕಿಚ್ಚು ಆರುವ ಮುಂಚೆ ಇನ್ನೊಂದು ಹೊತ್ತಿಕೊಂಡಿತು. ಈ ಮನುಷ್ಯನಿಗೆ ತಂಗಿಯ ನಿಧಾನದ ದನಿ ಪೂರ್ತಿ ಸಿಕ್ಕಿತ್ತು, ವಾಕ್ಯಗಟ್ಟಲೆ. ಆ ಮೂವರಿಗೆ ತಂಗಿಯ ನಗು ಸಿಕ್ಕಿತ್ತು. ತನಗೆ ಸಿಕ್ಕಿದ್ದು ಮೊದಲ ಅಕ್ಷರಗಳು ಮಾತ್ರ. ಆದರೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದುದು ಆ ಫೋನಿನೊಳಗಿನವಳ ಮೇಲೆ. ತನ್ನದೇ ದನಿ ಇಟ್ಟುಕೊಂಡು ಹಾಗೆ ನಗುತ್ತಿದ್ದವಳು, ತಂಗಿಯ ಎದುರು ಸುಮ್ಮನೆ ಕೂತು ಕಾಯುತ್ತಿದ್ದವಳು. ಅಂಥ ಅಕ್ಕ ಒಬ್ಬಳು ಬೀರುವಿನೊಳಗೆ ಇದ್ದಳು. ಅವಳಂತೆ ಒಂದು ಸಲವೂ ಇರಲು ಇವಳಿಗೆ ಆಗಿರಲಿಲ್ಲ.

ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು.

“ಅಕ್ಕ, ನೀವೇ ಮಾತಾಡಿ,” ಎಂದ ತಂಗಿಯ ಗಂಡ. “ಗಾಡಿ ಬಂತು.”

“ಅವರೇ ಮಾತಾಡ್ಲಿ. ನನಗಿಂತ ಅವರಿಗೇ ಜಾಸ್ತಿ ಗೊತ್ತು.”

“ಅವರು ಬೇಡ ಅಂದ್ರು. ನೀವು ಮಾತಾಡಿದ್ರೆ ಸಾಕಂತೆ. ಏನು ಹೇಳಿದ್ರೂ ಸರಿಯಂತೆ, ಆ ದನಿ ಒಂದ್ಸಲ ಎದುರಿಗೆ ಕೇಳ್ಬೇಕಂತೆ.”

ಮೈಕಮ್ಮ ಕೈ ಒರೆಸಿಕೊಂಡಳು.

*

ನಡುಮನೆಯಲ್ಲಿ ಎಲ್ಲರೂ ಕೂತಿದ್ದರು. ಗೆದ್ದಲು ಬಾಗಿಲ ಹತ್ತಿರ ನಿಂತಿದ್ದ, ಅವನ ಗಾತ್ರಕ್ಕೆ ಆ ಕುರ್ಚಿಗಳ ಮೇಲೆ ನಂಬಿಕೆ ಬಂದಿರಲಿಲ್ಲ. ಕೊನೆಪುಟ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು, ಮುಖ ಕಾಣದಿದ್ದರೇ ದನಿ ಚೆನ್ನಾಗಿ ಕೇಳುತ್ತದೆ ಎಂಬಂತೆ.

ಮೈಕಮ್ಮ ಪೆಟ್ಟಿಗೆಯ ತಲೆದೆಸೆಯಲ್ಲಿ ನಿಂತಳು. ಗಾಜಿನೊಳಗೆ ತಂಗಿಯ ತುಟಿ ಸ್ವಲ್ಪ ತೆರೆದಿತ್ತು. ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ, ಯಾರದೋ ಕನ್ನಡಕ ಒರೆಸುತ್ತ ಕೂತವಳು ಹಾಗೇ ಕೌಂಟರಿಗೆ ತಲೆಯಿಟ್ಟಿದ್ದಳಂತೆ. ಯಾರನ್ನೂ ಕರೆಯಲಿಲ್ಲವಂತೆ. ಕರೆಯಲು ಹೊರಟಿದ್ದಳೋ ಏನೋ.

“ಎಲ್ಲರೂ ಕೇಳಿ,” ಎಂದಳು ಮೈಕಮ್ಮ. ಗಂಟೆ ಹೊಡೆದ ಹಾಗೆಯೇ ಇತ್ತು. ಕೊನೆಪುಟದ ರೆಪ್ಪೆ ಅದುರಿತು. ಅಡ್ಮಿನಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಅದನ್ನು ನೋಡಿ ಮೈಕಮ್ಮನ ಕಿಚ್ಚು ಮತ್ತೊಮ್ಮೆ ಎದ್ದಿತು.

“ನಿಮ್ಮ ಫೋನಲ್ಲಿ ಇರೋದು ನನ್ನ ದನಿ,” ಎಂದಳು ಆ ಮೂವರಿಗೆ. “ಅವಳು ತಗೊಂಡಿದ್ಲು, ನೀವು ಕೇಳಿದ್ರಿ. ಆಯ್ತು. ಆದರೆ ಅವಳದ್ದು ನಿಮ್ಮ ಹತ್ರ ಇಲ್ಲ. ಒಂದಕ್ಷರಾನೂ ಇಲ್ಲ. ಅದು ನನಗೆ ಬರ್ತದೆ. ಕೇಳ್ಕೊಳ್ಳಿ.”

ಗೆದ್ದವಳ ಹಾಗೆ ಹೇಳಿದ ಮಾತು ಅದು. ಕಂಪ್ಯೂಟರನ್ನು ಅಣಕಿಸುವ ಮುಂಚೆ ನಿಲ್ಲುತ್ತಿದ್ದ ಹಾಗೆಯೇ ಕಾಲು ಜೋಡಿಸಿ ನಿಂತಳು. ಆಮೇಲೆ ಭುಜ ಒಳಗೆ ಸರಿಯಿತು. ಗದ್ದ ಎಡಕ್ಕೆ ಹೋಯಿತು. ಬಲಗೈಯ ಬೆರಳುಗಳು ಸೀರೆಯ ಅಂಚನ್ನು ಹುಡುಕಿಕೊಂಡವು. ತಂಗಿಯ ಮಗಳು “ಅಮ್ಮ” ಎಂದು ಉಸಿರೊಳಗೇ ಅಂದು ಅಪ್ಪನ ತೋಳು ಹಿಡಿದಳು.

“ಅ...” ಎಂದಳು ಮೈಕಮ್ಮ.

ಸಣ್ಣ ದನಿ. ತೆಳ್ಳಗೆ, ಸ್ವಲ್ಪ ಒರಟು, ಬಳಸದೆ ಇಟ್ಟ ಪಾತ್ರೆಯ ಹಾಗೆ. ಕೊನೆಪುಟ ಕಣ್ಣು ತೆರೆದಳು.

“ಅ... ಅ...”

ಅದು ಯಾವ ಮಾತಿನ ಮೊದಲಕ್ಷರ ಎಂದು ಮನೆಯವರಿಗೆಲ್ಲ ತಿಳಿಯಿತು. ದಿನಾ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ತಂಗಿ ಅಕ್ಕನನ್ನು ಕರೆಯಲು ಶುರುಮಾಡುತ್ತಿದ್ದ ಮಾತು. ಮೈಕಮ್ಮ ಅದನ್ನು ಮುಗಿಯಲು ಬಿಟ್ಟವಳೇ ಅಲ್ಲ, ಎರಡನೆಯ ‘ಅ’ಕ್ಕೇ ಒಳಗಿನಿಂದ “ಬಾರೇ, ಕೂತ್ಕೋ” ಎಂದು ಕೂಗಿಬಿಡುತ್ತಿದ್ದಳು. ಈಗ ಒಳಗಿನಿಂದ ಕೂಗುವವರು ಯಾರೂ ಇರಲಿಲ್ಲ. ಅಕ್ಷರ ಬಾಗಿಲಲ್ಲೇ ನಿಂತಿತು. ಮೈಕಮ್ಮನ ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿಕೊಂಡಿತು. ಇದು ಅಣಕವೋ, ನಿಜವಾಗಿಯೇ ಅವಳ ಗಂಟಲು ಕಟ್ಟಿತೋ, ನೋಡುವವರಿಗೆ ತಿಳಿಯದಾಯಿತು.

“ಅ... ಅ... ಅ...”

ಮೇಲ್ಮನೆ ಅಜ್ಜಿ ಮಂದವಲ್ಲದ ಕಿವಿಯನ್ನು ಮುಂದಕ್ಕೆ ಚಾಚಿದರು. ತಂಗಿಯ ಗಂಡ ಗೋಡೆ ಬಿಟ್ಟು ನೆಟ್ಟಗೆ ನಿಂತ. ಅವನ ಮುಖದಲ್ಲಿ ಯಾವ ಅವಸರವೂ ಇರಲಿಲ್ಲ.

ಗಾಡಿಯ ಚಾಲಕ ಮೆಟ್ಟಿಲು ಹತ್ತಿ ಬಂದು, ಹೊರಡೋಣವೇ ಎಂದು ಕೇಳಲು ಬಾಗಿಲಲ್ಲಿ ತಲೆ ಹಾಕಿದ. ಗೆದ್ದಲು ಅವನ ಕಡೆ ತಿರುಗಲಿಲ್ಲ. ಕಣ್ಣನ್ನು ಮೈಕಮ್ಮನ ತುಟಿಯ ಮೇಲೇ ಇಟ್ಟು, ಗ್ರೀಸಿನ ಕಲೆಯ ತೋಳನ್ನು ಬಾಗಿಲಿಗೆ ಅಡ್ಡವಾಗಿ ಚಾಚಿ ಹಿಡಿದ, ದೂರದಿಂದ ನಿಧಾನವಾಗಿ ನಡೆದು ಬರುತ್ತಿರುವ ಯಾರಿಗೋ ಲಿಫ್ಟಿನ ಬಾಗಿಲು ಮುಚ್ಚದಂತೆ ಹಿಡಿದು ನಿಲ್ಲುವವನ ಹಾಗೆ.